ದನಿ ಕೂತ ಮೂರು ವಾರ

ನನ್ನ ದನಿ ಹೋದದ್ದು ನಿಲಂಗಾ ಬಸ್ ನಿಲ್ದಾಣದಲ್ಲಿ. ಮಧ್ಯಾಹ್ನದ ಹೊತ್ತು. ಇಳಿಯುವವರು ಇಳಿದಿದ್ದರು, ಹತ್ತುವವರು ಬಾಗಿಲಿಗೆ ಮುತ್ತಿಕೊಂಡಿದ್ದರು. ಎಂದಿನಂತೆ ಬಾಗಿಲಲ್ಲಿ ನಿಂತು ‘ಉದಗೀರ, ಉದಗೀರ’ ಎಂದು ಕೂಗಲು ಬಾಯಿ ತೆರೆದೆ. ಟ್ಯೂಬಿನಿಂದ ಗಾಳಿ ಹೋದಂಥ ಸಪ್ಪಳ ಬಂತು. ಇನ್ನೊಮ್ಮೆ ಕೂಗಿದೆ. ಆ ಸಪ್ಪಳವೂ ಬರಲಿಲ್ಲ. ಹತ್ತುತ್ತಿದ್ದ ಹೆಂಗಸೊಬ್ಬಳು ನನ್ನ ಮುಖ ನೋಡಿ, ‘ಏನಾತ್ರೀ?’ ಎಂದಳು. ಏನಾಯಿತೆಂದು ಹೇಳುವುದಕ್ಕೂ ದನಿ ಬೇಕಿತ್ತು.

ಆಗ ಹದಿನಾರು ವರ್ಷದಿಂದ ನಾನು ಸರಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದೆ. ಉಮರ್ಗಾದಿಂದ ನಿಲಂಗಾ, ನಿಲಂಗಾದಿಂದ ಉದಗೀರ, ಮತ್ತೆ ಅದೇ ದಾರಿಯಲ್ಲಿ ವಾಪಸ್. ಎರಡು ತಿಂಗಳಿನಿಂದ ಗಂಟಲು ಕಟ್ಟುತ್ತಿತ್ತು. ಅರಿಸಿನದ ಹಾಲು ಕುಡಿದೆ, ಶುಂಠಿ ಅಗಿದೆ, ಉಪ್ಪುನೀರು ಮುಕ್ಕಳಿಸಿದೆ. ಸಂಜೆಗೆ ಕೂತ ದನಿ ಬೆಳಿಗ್ಗೆ ಏಳುತ್ತಿತ್ತು. ಅವತ್ತು ಮಾತ್ರ ಎದ್ದದ್ದು ನಡುದಾರಿಯಲ್ಲಿ ಕುಸಿಯಿತು.

ನಮ್ಮ ಡ್ರೈವರ್ ಸಾಸ್ತೂರದವರು. ಮರಾಠಿ ಮಾತಾಡುವ, ಹೆಚ್ಚು ಮಾತಾಡದ ಮನುಷ್ಯ. ಆ ಊರನ್ನೆಲ್ಲ ಕೆಡವಿದ ಭೂಕಂಪವಾದಾಗ ಅವರು ಚಿಕ್ಕ ಹುಡುಗನಂತೆ. ಅದರ ಬಗ್ಗೆ ಇಷ್ಟು ವರ್ಷದಲ್ಲಿ ಒಂದು ಸಲವೂ ಮಾತೆತ್ತಿದವರಲ್ಲ. ಅಂದು ಅವರೇ ಕಿಟಕಿಯಿಂದ ತಲೆ ಹೊರಗೆ ಹಾಕಿ ಊರುಗಳ ಹೆಸರು ಕೂಗುತ್ತ ಗಾಡಿ ಹೊಡೆದರು. ಉದಗೀರ ಮುಟ್ಟಿದ ಮೇಲೆ, ಗಾಡಿ ತಿರುಗುವುದಕ್ಕೆ ಇದ್ದ ಒಂದು ತಾಸಿನಲ್ಲಿ, ನನ್ನನ್ನು ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರು ಸಣ್ಣ ಕನ್ನಡಿ ಇಟ್ಟು ಒಳಗೆಲ್ಲ ನೋಡಿದರು. ‘ದಿನಕ್ಕೆ ಎಷ್ಟು ತಾಸು ಮಾತಾಡುತ್ತೀರಿ?’ ಎಂದು ಮರಾಠಿಯಲ್ಲಿ ಕೇಳಿದರು.

ನನ್ನ ಪರವಾಗಿ ಡ್ರೈವರೇ ಹೇಳಿದರು: ‘ಗಾಡಿಯಲ್ಲಿ ಹತ್ತು ತಾಸು. ಮನೆಯದು ನನಗೆ ಗೊತ್ತಿಲ್ಲ.’

ದನಿ ಹೊರಡುವ ಜಾಗದಲ್ಲಿ ಗಂಟುಗಳಾಗಿವೆ, ಕೊರಳೊಳಗೆ ಕಾಯಿ ಕಟ್ಟಿದಂತೆ ಎಂದು ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ‘ಮೂರು ವಾರ ಒಂದೂ ಮಾತು ಬೇಡ. ಪಿಸುಗುಡುವುದೂ ಬೇಡ, ಅದು ಇನ್ನೂ ಕೆಟ್ಟದ್ದು. ಆಮೇಲೆ ನೋಡೋಣ.’

ವಾಪಸ್ ಬರುವಾಗ ಡ್ರೈವರ ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂತು ಲೆಕ್ಕ ಹಾಕಿದೆ. ಯಾರ ಯಾರ ಜೊತೆ ಮಾತಾಡುತ್ತಿದ್ದೆ, ಯಾವ ಯಾವ ದನಿಯಲ್ಲಿ. ಗಂಡನ ಮನೆ ಇರುವುದು ಹೆದ್ದಾರಿಯ ಮೇಲಿನ ತುರೋರಿಯಲ್ಲಿ. ಲಗ್ನವಾಗಿ ಆಗಲೇ ಇಪ್ಪತ್ತಾರು ವರ್ಷವಾಗಿದ್ದರೂ ಅಲ್ಲಿ ನಾನು ‘ಔರಾದದಾಕಿ’. ತವರು ಔರಾದ ಶಹಾಜನಿಯ ಹತ್ತಿರದ ಹಳ್ಳಿ. ಅಲ್ಲಿ ಕಾಲಿಟ್ಟರೆ ‘ಕಂಡಕ್ಟರ್ ಬಂದಳು’ ಎನ್ನುತ್ತಾರೆ. ಡಿಪೋದಲ್ಲಿ ನಾನು ‘ಕಾನಡಿ ಬಾಯಿ’, ಕನ್ನಡದ ಹೆಂಗಸು. ಬೀದರ ಕಡೆಯ ಬೀಗರು ಬಂದರೆ, ‘ನಿಮ್ಮದೇನು, ನೀವು ಮರಾಠಿ ಮಂದಿ’ ಎಂದು ನಗುತ್ತಾರೆ. ಎಲ್ಲಿ ನಿಂತರೂ ಇನ್ನೊಂದು ಜಾಗದವಳು. ಇದಕ್ಕೆ ನನಗೆ ಸಿಟ್ಟೇನೂ ಇರಲಿಲ್ಲ. ಆದರೆ ಎಲ್ಲ ಕಡೆಗೂ ನಾನು ಅಲ್ಲಿಯವಳೇ ಎಂದು ತೋರಿಸಿಕೊಳ್ಳಬೇಕಾಗುತ್ತಿತ್ತು. ಅತ್ತೆಯ ಮುಂದೆ ತಗ್ಗಿದ ದನಿ. ಡಿಪೋದಲ್ಲಿ ಗಟ್ಟಿ ಮರಾಠಿ. ಮರಾಠಿಯಲ್ಲಿ ಕುರ್ಚಿಗೂ ಚೀಲಕ್ಕೂ ಗಂಡು ಹೆಣ್ಣು ಉಂಟು, ಒಂದು ತಪ್ಪಿದರೂ ಯಾರಾದರೂ ನಗುತ್ತಾರೆ. ಗಾಡಿಯಲ್ಲಿ ‘ಪುಢೆ ಸರಕಾ’, ‘ಆಗೆ ಬಢೋ’, ‘ಮುಂದ ಸರೀರಿ’ ಎಂದು ಒಂದೇ ಮಾತನ್ನು ಮೂರು ಸಲ. ಹದಿನಾರು ವರ್ಷ ಹಾಗೇ ನಡೆದಿತ್ತು. ಕೊರಳೊಳಗೆ ಕಾಯಿ ಕಟ್ಟದೆ ಇನ್ನೇನು?

ರಜೆಯ ಮೊದಲ ವಾರ, ಹೇಳಬೇಕೆಂದರೆ, ಸುಖವಾಗಿತ್ತು. ಅತ್ತೆ ಮೊದಲ ದಿನವೇ ಚೇಷ್ಟೆ ಮಾಡಿದರು: ‘ಎಲ್ಲಾರೂ ನಿನಗ ಬಾಯಿ, ಬಾಯಿ ಅಂತಿದ್ರು. ಈಗ ಬಾಯೇ ಬಂದ್ ಆತು ನೋಡು.’ ನಾನು ಸದ್ದಿಲ್ಲದೆ ನಕ್ಕೆ. ಹಾಲಿನವನಿಗೆ ತಲೆ ಅಲ್ಲಾಡಿಸಿದರೆ ಸಾಕಾಗುತ್ತಿತ್ತು. ಪಕ್ಕದ ಮನೆಯ ಮುಸಲ್ಮಾನರ ಹೆಂಗಸಿಗೂ ಅದೇ ತಲೆ, ಮರಾಠಿ ಪೋಸ್ಟ್‌ಮನ್‌ಗೂ ಅದೇ ತಲೆ. ಯಾವ ಭಾಷೆ ಎಂದು ಆರಿಸುವ ಕೆಲಸವೇ ಇರಲಿಲ್ಲ. ಓಣಿಯ ಹೆಂಗಸರು ಬಂದು ಕೂತು ತಮ್ಮ ಮನೆಯ ಮಾತನ್ನೆಲ್ಲ ಹೇಳಿಕೊಂಡು ಹೋಗುತ್ತಿದ್ದರು. ನಾನು ಯಾರಿಗೂ ಹೇಳಲಾರೆನೆಂಬ ಧೈರ್ಯ ಅವರಿಗೆ. ನಾನು ಅಕ್ಕಿ ಆರಿಸುತ್ತ ಕೇಳುತ್ತಿದ್ದೆ. ಇಷ್ಟು ವಿಶ್ರಾಂತಿ ಬಾಣಂತನದಲ್ಲೂ ಸಿಕ್ಕಿರಲಿಲ್ಲ.

ಬೇಕಾದದ್ದನ್ನು ಬರೆದು ತೋರಿಸಲು ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೆ. ನನ್ನ ಗಂಡ ಹೆದ್ದಾರಿಯ ಪಕ್ಕದಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾರೆ. ಒಂದು ಮಧ್ಯಾಹ್ನ ಬುತ್ತಿ ಒಯ್ದಾಗ, ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎಂದು ಬರೆದು ತೋರಿಸಿದೆ. ಅವರು ಓದಿ, ನನ್ನ ಮುಖ ನೋಡಿ, ಮತ್ತೆ ಓದಿದರು.

‘ಮಾತು ಕನ್ನಡ ಅದ, ಅಕ್ಷರ ಮರಾಠಿ ಅವ,’ ಎಂದರು. ‘ನಿನಗ ಕನ್ನಡ ಬರಿಯಾಕ ಬರಂಗಿಲ್ಲೇನು?’

ಇಲ್ಲ ಎಂದು ತಲೆ ಅಲ್ಲಾಡಿಸಿದೆ. ನಾನು ಕಲಿತದ್ದೆಲ್ಲ ಮರಾಠಿ ಶಾಲೆಯಲ್ಲಿ. ಅವರು ನಾಲ್ಕನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಕಲಿತವರು. ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿ ಕನ್ನಡ ಮಾತಾಡುತ್ತ ಬದುಕಿ, ಇದನ್ನು ಅವರು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ಅವರು ಟಾಯರಿಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು, ಬಿಚ್ಚಿಟ್ಟಿದ್ದ ಲಾರಿಯ ಟಾಯರಿನ ಮೇಲೆ ‘ಅ’ ಬರೆದರು. ಮರುದಿನ ‘ಆ, ಇ, ಈ’. ‘ಋ’ ಬರೆಯುವುದು ಹೇಗೆಂದು ಅವರಿಗೇ ಮರೆತುಹೋಗಿತ್ತು. ‘ಇರಲಿ ಬಿಡು, ಅದು ಭಾಳ ಬೇಕಾಗಂಗಿಲ್ಲ’ ಎಂದರು. ಆ ಲಾರಿಯವನು ಬಂದು ಟಾಯರನ್ನು ಅಕ್ಷರ ಸಮೇತ ಒಯ್ದ.

ಎರಡನೆಯ ವಾರ ಗಂಡನ ಅಕ್ಕ ಬಂದರು. ನನ್ನನ್ನು ನೋಡಲೆಂದೇ ಬಂದಿದ್ದರು, ಒಳ್ಳೆಯ ಮನಸ್ಸಿನಿಂದಲೇ. ಊಟವಾದ ಮೇಲೆ ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದಾಗ ಮಾತು ತೆಗೆದರು.

‘ಈಕೀಗಿ ನೌಕರಿ ಬಿಡಸ್ರಿ. ಮನಿ ಒಂದು, ಗಾಡಿ ಒಂದು, ತವರು ಒಂದು. ಎಷ್ಟ್ ಕಡಿ ಅಂತ ಓಡ್ಯಾಡ್ಬೇಕು? ಮೈಗಿ ಹತ್ತ್ಯಾದ, ಈಗ ಗಂಟ್ಲಿಗಿ ಹತ್ತ್ಯಾದ. ಒಂದ್ ಕಡಿ ಕುಂತರ ಆರಾಮ ಆಗ್ತಾಳ.’

‘ನಾನೂ ಅದೇ ಅಂತೀನಿ,’ ಎಂದರು ಅತ್ತೆ.

‘ಬ್ಯಾಡಂದರ ಕೇಳಂಗಿಲ್ಲ ಆಕಿ,’ ಎಂದರು ಗಂಡ.

‘ಈಗ ಕೇಳ್ತಾಳ. ಈಗ ತಿರುಗಿ ಮಾತಾಡಂಗಿಲ್ಲಲ್ಲ.’

ಎಲ್ಲರೂ ನಕ್ಕರು. ನಾನು ನಡುವೆಯೇ ಕೂತಿದ್ದೆ. ನೋಟ್‌ಬುಕ್ ತೆಗೆದು, ನನ್ನನ್ನೂ ಕೇಳಿರಿ ಎಂದು ಬರೆದು ಮುಂದೆ ಹಿಡಿದೆ. ಗಂಡನ ಅಕ್ಕನಿಗೆ ಓದಲು ಬರುವುದಿಲ್ಲ, ಅತ್ತೆಗೂ ಬರುವುದಿಲ್ಲ. ಗಂಡ ಚಹಾದ ಬಸಿ ಕೈಯಲ್ಲಿ ಹಿಡಿದಿದ್ದರು, ಇತ್ತ ನೋಡಲಿಲ್ಲ. ನೋಟ್‌ಬುಕ್ ನೆಲದ ಮೇಲೆ ಹಾಗೇ ಉಳಿಯಿತು. ಮಾತು ಮಳೆ, ತೊಗರಿ, ಯಾರದೋ ಲಗ್ನದ ಕಡೆ ಹೋಯಿತು.

ಅವತ್ತಿನಿಂದ ನಾನು ಕುಗ್ಗಿದೆ. ಮಾತಾಡದೆ ಇರುವುದು ಬೇರೆ, ಮಾತಾಡಿದರೂ ಆಗುವುದೇನಿಲ್ಲ ಎನ್ನಿಸುವುದು ಬೇರೆ. ಡಿಪೋದವರು ಮೊದಲ ವಾರ ಫೋನ್ ಮಾಡಿದ್ದರು. ಫೋನಿನಲ್ಲಿ ಉತ್ತರ ಕೊಡಲಾರದವಳಿಗೆ ಎಷ್ಟು ಸಲ ಮಾಡುತ್ತಾರೆ? ಲಾತೂರಿನಲ್ಲಿ ಕಲಿಯುವ ಮಗಳು ಮೆಸೇಜ್ ಹಾಕುತ್ತಿದ್ದಳು, ‘ಆರಾಮ?’ ಎಂದು. ‘ಆರಾಮ’ ಎಂದು ನಾನೂ ಹಾಕುತ್ತಿದ್ದೆ. ಹಗಲೇ ಹೊರಸಿನ ಮೇಲೆ ಮಲಗತೊಡಗಿದೆ. ತಲೆ ಬಾಚಿಕೊಳ್ಳುವುದನ್ನು ಅತ್ತೆಯೇ ನೆನಪಿಸಬೇಕಾಗುತ್ತಿತ್ತು. ಪಂಕ್ಚರ್ ಅಂಗಡಿಗೆ ಬುತ್ತಿಯನ್ನು ಬೇರೆಯವರ ಕೈಯಲ್ಲಿ ಕಳಿಸಿದೆ. ಅಕ್ಷರ ‘ಕ’ಕ್ಕೆ ಬಂದು ನಿಂತಿತು.

ಒಂದು ದಿನ ಬೆಳಿಗ್ಗೆ ಎದ್ದು, ತವರಿಗೆ ಹೋಗುತ್ತೇನೆಂದು ಕೈಸನ್ನೆ ಮಾಡಿ ಹೊರಟೆ.

ನಿಲಂಗಾದಲ್ಲಿ ಬಸ್ ಬದಲಿಸಿದೆ. ಆ ಗಾಡಿಯ ಕಂಡಕ್ಟರ್ ಬೇರೆ ಡಿಪೋದವನು, ಹೊಸಬ. ಖಾಕಿ ಇಲ್ಲದ, ಸಾದಾ ಸೀರೆಯ ನನ್ನನ್ನು ಅವನು ಗುರುತಿಸುವ ಹಾಗಿರಲಿಲ್ಲ. ಊರಿನ ಹೆಸರು ಬರೆದ ಚೀಟಿ ಕೊಟ್ಟೆ. ಅವನು ಬಗ್ಗಿ ನನ್ನ ಮುಖದ ಹತ್ತಿರವೇ ‘ಔರಾದ? ಔ-ರಾ-ದ?’ ಎಂದು ಕೂಗಿದ. ಕಿವಿ ಚೆನ್ನಾಗಿದೆ ಎಂದು ಹೇಳಲು ಹೇಗೆ ಸಾಧ್ಯ? ತಲೆ ಆಡಿಸಿದೆ. ಹಿಂದಿನ ಸೀಟಿನ ಹೆಂಗಸು ಪಕ್ಕದವಳಿಗೆ, ‘ಪಾಪ, ಮೂಕಿ ಅದಾಳ’ ಎಂದಳು. ನಾನೂ ಎಷ್ಟು ಜನರ ಮುಖಕ್ಕೆ ಹೀಗೆ ಕೂಗಿದ್ದೆನೋ. ಆ ಹುಡುಗನ ಮೇಲೆ ಸಿಟ್ಟು ಬರಲಿಲ್ಲ. ಅವನ ದನಿಯೂ ಆಗಲೇ ಒಡೆದಿತ್ತು. ಕಿಟಕಿಯ ಹೊರಗೆ ನೋಡುತ್ತ ಕೂತೆ.

ನಮ್ಮದು ಕುರಿ ಸಾಕುವ ಮನೆತನ, ಬೀರಪ್ಪನ ಒಕ್ಕಲು. ಅಪ್ಪ ತೀರಿಕೊಂಡ ಮೇಲೆ ತಮ್ಮ ಕುರಿ ನೋಡಿಕೊಳ್ಳುತ್ತಾನೆ. ಅವನೂ ಅವನ ಹೆಂಡತಿಯೂ ಹಗಲು ಹೊಲದಲ್ಲೇ ಇರುತ್ತಾರೆ. ಮನೆ ಮುಟ್ಟಿದಾಗ ಅವ್ವ ಒಬ್ಬಳೇ ಅಂಗಳದ ನೆರಳಿನಲ್ಲಿ ಉಣ್ಣೆ ನೂಲುತ್ತ ಕೂತಿದ್ದಳು. ಅವ್ವನಿಗೆ ಆಗ ಎಂಟು ವರ್ಷದಿಂದ ಕಿವಿ ಕೇಳುತ್ತಿರಲಿಲ್ಲ. ನಾನು ಎದುರಿಗೆ ಹೋಗಿ ನಿಂತು ಕಾಲು ಮುಟ್ಟಿದೆ.

‘ಬಂದಿ ಏನವ್ವಾ? ಸೊರಗೀದಿ. ಉಂಡು ಬಂದೀಯೋ ಇಲ್ಲೋ?’

ಇಲ್ಲ ಎಂದು ಕೈ ಆಡಿಸಿದೆ. ಅವ್ವ ಎದ್ದು ರೊಟ್ಟಿ, ಪುಂಡಿಪಲ್ಯ ಹಾಕಿಕೊಟ್ಟಳು. ಮಗಳು ಹೇಗಿದ್ದಾಳೆ ಎಂದು ಕೇಳಿದಳು. ಕಲಿಯುತ್ತಿದ್ದಾಳೆಂದು ಸನ್ನೆ ಮಾಡಿದೆ. ಅತ್ತೆ ಹೇಗಿದ್ದಾರೆ ಎಂದಳು. ಸೊಂಟ ಹಿಡಿದು ತೋರಿಸಿದೆ, ಅವ್ವ ನಕ್ಕಳು. ಎರಡು ಮರಿ ತಾಯಿಯ ಹಾಲು ಸಾಲದೆ ಒದ್ದಾಡುತ್ತಿವೆ, ಬಾಟಲಿ ಹಿಡಿ ಎಂದಳು, ಹಿಡಿದೆ. ಉಣ್ಣೆ ಹಿಂಜಿಕೊಡು ಎಂದಳು, ಹಿಂಜಿದೆ. ಬಿಸಿಲು ಅಂಗಳ ದಾಟಿ ಗೋಡೆ ಹತ್ತಿತು. ಮಧ್ಯೆ ಒಮ್ಮೆ ನಿದ್ದೆ ಹೋದೆ, ಎದ್ದೆ. ಅವ್ವ ಊರ ಸುದ್ದಿ ಹೇಳುತ್ತಲೇ ಇದ್ದಳು.

ಸಂಜೆ ತಮ್ಮ ಬಂದು, ‘ಅಕ್ಕಾ, ದನಿ ಹ್ಯಾಂಗದ ಈಗ?’ ಎಂದು ಕೇಳಿದ. ಇನ್ನೂ ಇಲ್ಲವೆಂದು ಕೊರಳು ಮುಟ್ಟಿ ತೋರಿಸಿದೆ. ಅವ್ವ ನನ್ನನ್ನೂ ಅವನನ್ನೂ ನೋಡಿ, ‘ಏನು? ಏನಾಗ್ಯಾದ?’ ಎಂದಳು. ತಮ್ಮ ಬಾಯಿ, ಕೊರಳು ತೋರಿಸಿ, ಕೈ ತಿರುವಿ ಇಲ್ಲವೆಂದ. ಅವ್ವನಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು.

‘ಆಕಿ ದನಿ ಹೋಗ್ಯಾದಂತ? ನನಗೇನ್ ಗೊತ್ತು? ನನಗ ಎಲ್ಲಾರದೂ ಹೋಗ್ಯಾದ!’

ಬಂದಾಗಿನಿಂದ ನಾನು ಅವಳ ಜೊತೆ ಇದ್ದೆ. ಉಂಡಿದ್ದೆ, ಕೆಲಸ ಮಾಡಿದ್ದೆ, ಮಾತಾಡಿದ್ದೆ ಎಂದೇ ಅವಳ ಲೆಕ್ಕ. ಅಷ್ಟು ಹೊತ್ತಿನಲ್ಲೂ ಅವಳಿಗೆ ನನ್ನಲ್ಲಿ ಕೊರತೆ ಕಂಡಿರಲಿಲ್ಲ. ತಮ್ಮ ನಗುತ್ತಿದ್ದ, ಅವ್ವ ನಗುತ್ತಿದ್ದಳು. ನಾನು ನಗುತ್ತ ನಗುತ್ತ ಅಳತೊಡಗಿದೆ. ಅವ್ವ ಉಣ್ಣೆಯ ವಾಸನೆಯ ಕೈಯಿಂದ ನನ್ನ ಬೆನ್ನು ಸವರಿದಳು, ಏಕೆ ಎಂದು ಕೇಳಲಿಲ್ಲ.

ಅಲ್ಲಿ ನಾಲ್ಕು ದಿನ ಇದ್ದೆ. ತುರೋರಿಯಲ್ಲಿ ಎರಡು ವಾರ ನನಗೆ ಏನಾಗಿತ್ತೆಂದು ಅಲ್ಲಿ ಕೂತಾಗ ಸ್ವಲ್ಪ ತಿಳಿಯಿತು. ನನ್ನೊಳಗೆ ಕಂಡಕ್ಟರ್ ಇರಲಿಲ್ಲ, ಸೊಸೆ ಮೂಲೆ ಸೇರಿದ್ದಳು. ಇನ್ನು ನಾನು ಯಾರೂ ಅಲ್ಲವೆಂದು ಹೆದರಿದ್ದೆ. ಆದರೆ ಈ ಅಂಗಳದಲ್ಲಿ ಒಬ್ಬ ಮಗಳು ಇದ್ದಳು, ಅವಳಿಗೆ ದನಿ ಬೇಕೇ ಇರಲಿಲ್ಲ. ಗಂಡನ ಅಕ್ಕ ಎಣಿಸಿದ ಮೂರು ಭಾರಗಳಲ್ಲಿ ಈ ತವರೂ ಒಂದು. ಇದು ಹೊರೆ ಎಂದೇ ನಾನೂ ಅಂದುಕೊಂಡಿದ್ದೆ. ರಜೆ ಸಿಕ್ಕಾಗಲೆಲ್ಲ, ಮತ್ತೆ ತವರಿಗೆ ಓಡಬೇಕಲ್ಲ ಎಂದು ಗೊಣಗಿದ್ದೆ.

ಮೂರು ವಾರ ಕಳೆದ ಮೇಲೆ ದನಿ ಬಂತು. ಮೊದಲಿನದಲ್ಲ. ದಪ್ಪ, ಗಂಡಸರ ದನಿಯಂತೆ, ಆದರೆ ಪಕ್ಕದ ಕೋಣೆಗೆ ಕೇಳದಷ್ಟು ಸಣ್ಣದು. ಮಾತಾಡಬಹುದು, ಕೂಗಬಾರದು ಎಂದರು ಡಾಕ್ಟರು. ಅವರ ಚೀಟಿ ನೋಡಿ ಡಿಪೋದ ಸಾಹೇಬರು ನನ್ನನ್ನು ಉಮರ್ಗಾದಲ್ಲೇ ವಿದ್ಯಾರ್ಥಿಗಳ ಪಾಸು ಕೊಡುವ ಕಿಟಕಿಗೆ ಹಾಕಿದರು. ಮನೆಯಲ್ಲಿ ಎಲ್ಲರಿಗೂ ಖುಷಿ. ಹತ್ತಕ್ಕೆ ಹೋಗಿ ಆರಕ್ಕೆ ಮನೆಗೆ ಬರುವ ನೌಕರಿ. ಗಂಡನ ಅಕ್ಕ ಫೋನ್ ಮಾಡಿ, ‘ಈಗ ಛಲೋ ಆತು’ ಎಂದರು.

ಛಲೋ ಆಗಲಿಲ್ಲ. ಅಲ್ಲಿ ಐದು ತಿಂಗಳು ಕೂತೆ. ಒಂದೇ ಕುರ್ಚಿ, ಒಂದೇ ಕಿಟಕಿ. ‘ಫೋಟೊ ಎಲ್ಲಿ, ಶಾಲೆಯ ಮೊಹರು ಎಲ್ಲಿ’ ಎಂದು ಮರಾಠಿಯಲ್ಲಿ ಒಂದೇ ಮಾತು. ಓಡಾಟ ಇರಲಿಲ್ಲ, ಕೂಗು ಇರಲಿಲ್ಲ. ಹದಿನಾರು ವರ್ಷ ಗಾಡಿಯಲ್ಲಿ ನಿಂತು ಬಂದಷ್ಟು ದಣಿವು ಅಲ್ಲಿ ಒಂದೇ ವಾರದಲ್ಲಿ ಬರುತ್ತಿತ್ತು. ಯಾಕೆಂದು ನನಗೇ ತಿಳಿಯುತ್ತಿರಲಿಲ್ಲ. ಗಾಡಿಯಲ್ಲಿದ್ದಾಗ, ಬೆಳಿಗ್ಗೆ ಮನೆಯಲ್ಲಿ ಮಾತಿಗೆ ಮಾತು ಬೆಳೆದಿದ್ದರೆ ನಿಲಂಗಾ ಬರುವಷ್ಟರಲ್ಲಿ ಅದು ಹಿಂದೆ ಉಳಿಯುತ್ತಿತ್ತು. ಗಾಡಿಯಲ್ಲಿ ಯಾರಾದರೂ ಬೈದಿದ್ದರೆ, ಮುಂದಿನ ಊರಲ್ಲಿ ಹತ್ತಿದ ನಮ್ಮ ಕುರುಬರ ಮುದುಕಿ, ‘ಯವ್ವಾ, ನಿಮ್ಮ ಕುರಿ ಎಷ್ಟ್ ಈದಾವ?’ ಎಂದು ಕೇಳುತ್ತಿದ್ದಳು; ಬೈಗುಳ ಮರೆಯುತ್ತಿತ್ತು. ಡಿಪೋದಲ್ಲಿ ಯಾರಾದರೂ ನಕ್ಕರೆ ಮನೆಗೆ ಬಂದು ಕನ್ನಡದಲ್ಲಿ ಅವರನ್ನು ಬೈದುಕೊಳ್ಳುತ್ತಿದ್ದೆ. ಈಗ ಕಿಟಕಿಯಲ್ಲಿ ಯಾರೋ ಒರಟಾಗಿ ಮಾತಾಡಿದರೆ ಅದೇ ಇಡೀ ದಿನವಾಗುತ್ತಿತ್ತು. ಅದನ್ನೇ ಹೊತ್ತುಕೊಂಡು ಮನೆಗೆ ಬಂದು ಅತ್ತೆಯ ಮೇಲೆ, ಗಂಡನ ಮೇಲೆ, ಪಾತ್ರೆಗಳ ಮೇಲೆ ಹಾಕುತ್ತಿದ್ದೆ. ಸಣ್ಣ ದನಿಯಲ್ಲೂ ಚುಚ್ಚಬಹುದೆಂದು ಆಗ ತಿಳಿಯಿತು.

ಒಂದು ರವಿವಾರ ಪಂಕ್ಚರ್ ಅಂಗಡಿಯಲ್ಲಿ ಗಂಡನ ಎದುರು ಕೂತು ಹೇಳಿದೆ: ‘ನಾ ಮತ್ತ ಗಾಡಿಗಿ ಹೋಗ್ತೀನಿ.’

ಅವರು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದರು. ತಲೆ ಎತ್ತಲಿಲ್ಲ. ‘ಮತ್ತ ಗಂಟ್ಲ ಕೂತರ?’

‘ಕೂತರ ಕೂಡ್ಲಿ. ಈ ಕಿಟಕ್ಯಾಗ ಕುಂತು ನಾನೇ ಪೂರಾ ಹೋಗ್ಲತ್ತೀನಿ.’

‘ದಣೀತಿ.’

‘ಈಗೂ ದಣದೀನಿ. ಅದು ಬ್ಯಾರೆ ದಣುವು, ಇದು ಬ್ಯಾರೆ.’

ಅವರು ತೂತು ಸಿಕ್ಕ ಜಾಗಕ್ಕೆ ಬೆರಳು ಒತ್ತಿ, ಸೀಮೆಸುಣ್ಣದಿಂದ ಗುರುತು ಹಾಕಿದರು. ‘ಅಕ್ಕಗ ಏನ್ ಹೇಳಲಿ?’ ಎಂದರು.

‘ನೀವೇನೂ ಹೇಳಬ್ಯಾಡ್ರಿ. ನಾ ಹೇಳ್ತೀನಿ.’

ಅತ್ತೆಗೆ ಹೇಳುವುದೇ ಕಷ್ಟ ಎಂದುಕೊಂಡಿದ್ದೆ. ಅವರು ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ‘ಹೋಗು ನಮ್ಮವ್ವಾ. ಐದ್ ತಿಂಗಳಾತು, ಮನ್ಯಾಗ ಇದ್ದು ನನ್ನ ಮ್ಯಾಲೇ ಹಾಯ್ತಿ. ಅಲ್ಲೇ ಮಂದಿ ಮ್ಯಾಲ ಹಾದು ಬಾ.’

ಡಿಪೋದ ಸಾಹೇಬರು ಸುಲಭವಾಗಿ ಒಪ್ಪಲಿಲ್ಲ. ಊರಿನ ಹೆಸರು ಕೂಗಲಾರದ ಕಂಡಕ್ಟರಿನಿಂದ ಏನು ಉಪಯೋಗ ಎಂದರು. ಅದು ತಪ್ಪು ಮಾತೂ ಅಲ್ಲ. ಸಾಸ್ತೂರದ ನಮ್ಮ ಡ್ರೈವರ್ ಬಾಗಿಲ ಹತ್ತಿರ ನಿಂತಿದ್ದರು. ‘ನಾನು ಕೂಗುತ್ತೇನೆ ಸಾಹೇಬ. ಟಿಕೀಟು ಅವರು ಕೊಡಲಿ,’ ಎಂದರು. ಅಷ್ಟು ಉದ್ದದ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದೇ ಕಡಿಮೆ. ಡಾಕ್ಟರ ಹೊಸ ಚೀಟಿ ತಂದುಕೊಟ್ಟ ಮೇಲೆ, ಒಂದು ತಿಂಗಳು ನೋಡೋಣ ಎಂದು ಸಾಹೇಬರು ಸಹಿ ಹಾಕಿದರು. ಆ ತಿಂಗಳು ಮುಗಿದು ನಾಲ್ಕು ವರ್ಷವಾಯಿತು. ಯಾರೂ ಮತ್ತೆ ಕೇಳಲಿಲ್ಲ.

ಈಗ ಗಾಡಿಯಲ್ಲಿ ಮೂರು ಭಾಷೆಯಲ್ಲಿ ಮೂರು ಸಲ ಹೇಳುವುದನ್ನು ಬಿಟ್ಟಿದ್ದೇನೆ. ಬಾಯಿಗೆ ಯಾವುದು ಮೊದಲು ಬರುತ್ತದೋ ಅದರಲ್ಲಿ ಒಂದು ಸಲ. ತಿಳಿದವರು ತಿಳಿಯದವರಿಗೆ ಹೇಳುತ್ತಾರೆ. ಮರಾಠಿಯಲ್ಲಿ ಗಂಡು ಹೆಣ್ಣು ತಪ್ಪುತ್ತದೆ, ನಗುವವರು ನಗುತ್ತಾರೆ. ಗಂಡನ ಹತ್ತಿರ ‘ಕ’ಕ್ಕೆ ನಿಂತಿದ್ದ ಅಕ್ಷರಗಳನ್ನು ಆಮೇಲೆ ಉಮರ್ಗಾದ ನಿವೃತ್ತ ಕನ್ನಡ ಮಾಸ್ತರರೊಬ್ಬರ ಹತ್ತಿರ ಮುಗಿಸಿದೆ. ನಾನು ಬರೆದ ಇದನ್ನು ಓದಿ ತಪ್ಪು ತಿದ್ದಿಕೊಟ್ಟವರೂ ಅವರೇ. ನಮ್ಮ ಮನೆಯ ಮಾತನ್ನು ಮಾತ್ರ ಹಾಗೇ ಬಿಡಿರೆಂದು ಕೇಳಿಕೊಂಡೆ.

ಗುಣವಾದೆ ಎಂದು ಹೇಳಲಾರೆ. ಮೊಣಕಾಲು ನೋಯುತ್ತದೆ. ಥಂಡಿಯಲ್ಲಿ ದನಿ ಪೂರಾ ಕೂರುತ್ತದೆ. ಮೊನ್ನೆ ನನ್ನ ವಾರದ ರಜೆಯ ದಿನವೇ ತಮ್ಮನ ಮನೆಯಲ್ಲಿ ಕುರಿಗಳ ಉಣ್ಣೆ ಕತ್ತರಿಸುವ ಕೆಲಸ, ಗಂಡನ ಅಕ್ಕನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯ, ಡಿಪೋದಿಂದ ಒಬ್ಬರ ಬದಲಿಗೆ ಡ್ಯೂಟಿಗೆ ಬರುತ್ತೀರಾ ಎಂಬ ಫೋನು, ಮೂರೂ ಒಟ್ಟಿಗೆ ಬಂದವು. ಬೆಳಿಗ್ಗೆ ತೊಟ್ಟಿಲಿಗೆ ಹೋಗಿ, ಮಗುವನ್ನು ಎತ್ತಿಕೊಂಡು, ಉಂಡು ಬಂದೆ. ಡಿಪೋಕ್ಕೆ ಆಗುವುದಿಲ್ಲ ಎಂದೆ. ತಮ್ಮನಿಗೆ ಮುಂದಿನ ವಾರ ಬರುತ್ತೇನೆಂದು ಹೇಳಿದೆ. ಆಗಲಿ, ಅವ್ವ ಕಾಯುತ್ತಾಳೆ ಎಂದ. ಆಮೇಲೆ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿದೆ. ಅತ್ತೆ ಬಂದು ಫ್ಯಾನ್ ಹಚ್ಚಿ, ಕಾಲ ಬಳಿ ಕೂತು ಎಲೆಗೆ ಸುಣ್ಣ ಸವರತೊಡಗಿದರು. ಫೋನು ಮತ್ತೊಮ್ಮೆ ಬಡಿದುಕೊಂಡಿತು.

‘ನಿಂದೇ ಅದ,’ ಎಂದರು ಅತ್ತೆ.

‘ಇರಲಿ ಬಿಡ್ರಿ,’ ಎಂದೆ. ಅದು ನಿಂತಿತು. ನಾನು ಸಂಜೆಯವರೆಗೆ ಮಲಗಿದೆ.